ಸಾಹೇಬರು ಕೂತ ಕುರ್ಚಿ

ತಪಾಸಣೆಗೆ ಬಂದ ಸಾಹೇಬರು ಒಂಬತ್ತನೇ ತರಗತಿಗೆ ನುಗ್ಗಿ ಕಮಲಾಕ್ಷಿ ಟೀಚರ ಕುರ್ಚಿಯಲ್ಲೇ ಕೂತರು. ಮೇಜಿನ ಮೇಲಿದ್ದ ಟೀಚರ ಕಾಫಿಯನ್ನೂ ಕುಡಿದರು.

"ನಿಮ್ಮ ಸಮಾಜ ಪಾಠದಲ್ಲಿ ಮಕ್ಕಳು ತೂಕಡಿಸ್ತಾರಂತೆ. ಈಗಲೇ ರಸವತ್ತಾಗಿ ಪಾಠ ಮಾಡ್ರೀ. ಇಲ್ಲದಿದ್ರೆ ವರ್ಗಾವಣೆ, ಊರು ಬಿಡಿ!"

ಊರು ಬಿಡುವುದೆಂದರೆ ಸುಮ್ಮನೆಯೇ? ಟೀಚರು ಮಕ್ಕಳ ಕಡೆ ತಿರುಗಿದರು.

"ಇಂಗ್ಲಿಷರು ನಮ್ಮ ದೇಶ ಹಿಡಿದದ್ದು ಹೇಗೆ? ಮೊದಲು ಅತಿಥಿಗಳಾಗಿ ಬಂದರು. ಆಮೇಲೆ?"

"ನಮ್ಮ ಕುರ್ಚೀಲಿ ಕೂತ್ರು!" ಹಿಂದಿನ ಬೆಂಚು ಕೂಗಿತು.

"ನಮ್ಮ ಕಾಫಿ ಕುಡಿದ್ರು!"

"ನಮಗೇ ಊರು ಬಿಡಿ ಅಂದ್ರು!"

ತರಗತಿ ಗೊಳ್ಳೆಂದಿತು. ಒಬ್ಬರೂ ತೂಕಡಿಸಲಿಲ್ಲ. ಸಾಹೇಬರು ಲೋಟ ಇಟ್ಟು ಎದ್ದರು.

"ಪಾಠ ಚೆನ್ನಾಗಿದೆ. ನೀವು ಇಲ್ಲೇ ಇರಿ."

"ಕೂತ್ಕೊಳ್ಳಿ ಸಾರ್, ಸ್ವಾತಂತ್ರ್ಯ ಹೋರಾಟ ಇನ್ನೂ ಬಾಕಿ ಇದೆ."

ಸಾಹೇಬರು ಆಗಲೇ ಬಾಗಿಲು ದಾಟಿದ್ದರು.