ಕಾಲುವೆ ಕಡಿದ ದಂಡನಾಯಕ

"ಗುರುಗಳೇ, ತಾವು ನನ್ನನ್ನು ಆ ಊರಿನ ಮಠಕ್ಕೆ ಕಳಿಸುತ್ತಿದ್ದೀರಿ. ಅಲ್ಲಿಯವರಿಗೆ ನಾನು ಬೇಡ. ನಮ್ಮವರು ನಾಲ್ಕು ಜನ ಜೊತೆಗೆ ಬಂದರೆ ಆಗದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ರೋಮ್ ಸಾಮ್ರಾಜ್ಯದಲ್ಲಿ ವಿಬಿಯಸ್ ಎಂಬ ದಂಡನಾಯಕನಿದ್ದ. ಕಾಲಾಳಾಗಿ ಸೈನ್ಯ ಸೇರಿದವನು. ವರ್ಷಗಟ್ಟಲೆ ಗಡಿ ಕಾಯ್ದು, ಗಾಯಗೊಂಡು, ಮೆಲ್ಲಮೆಲ್ಲನೆ ಮೇಲೇರಿ ಒಂದು ದಂಡಿಗೇ ನಾಯಕನಾದ. ಚಕ್ರವರ್ತಿ ಅವನನ್ನು ಒಂದು ಬೆಟ್ಟದ ನಾಡಿನ ಮೇಲೆ ಯುದ್ಧಕ್ಕೆ ಕಳಿಸಿದ. ಅಲ್ಲಿಯ ಪಟ್ಟಣಕ್ಕೆ ಭದ್ರವಾದ ಕೋಟೆಯಿತ್ತು. ಗೋಡೆ ಒಡೆಯುವುದು ಆಗದ ಮಾತೆಂದು ಕಂಡಾಗ ವಿಬಿಯಸ್ ಬೆಟ್ಟದಿಂದ ಊರಿಗೆ ನೀರು ತರುವ ಕಾಲುವೆಯನ್ನೇ ಕಡಿಸಿದ. ಬಾಯಾರಿದ ಊರು ಬಾಗಿಲು ತೆರೆಯಿತು. ಚಕ್ರವರ್ತಿ ಮೆಚ್ಚಿ, ಗೆದ್ದವನನ್ನೇ ಆ ಪ್ರಾಂತ್ಯದ ಅಧಿಪತಿಯನ್ನಾಗಿ ಮಾಡಿದ.

ವಿಬಿಯಸ್ ಊರೊಳಗೆ ಬಂದಾಗ ಯಾರೂ ಕಲ್ಲೆಸೆಯಲಿಲ್ಲ, ಯಾರೂ ಕೈಮುಗಿಯಲೂ ಇಲ್ಲ. ಹೆಂಗಸರು ಕೊಡ ಹೊತ್ತು ಕಣಿವೆಯ ಹೊಳೆಗೆ ಇಳಿಯುತ್ತಿದ್ದರು. ಅವನಿಗೆ ದಾರಿ ಬಿಟ್ಟರು, ತಲೆ ಎತ್ತಲಿಲ್ಲ. ಮುತ್ತಿಗೆಯ ಕಾಲದಲ್ಲಿ ಅವರ ಮನೆಗಳಲ್ಲಿ ಮಕ್ಕಳು ಸತ್ತಿದ್ದರು. ಅದು ಅವನಿಗೆ ಗೊತ್ತಿತ್ತು.

ಅವನು ಇಳಿದುಕೊಂಡ ಅರಮನೆಯ ಸುತ್ತ ಪಹರೆ ಹಾಕಲು ಉಪನಾಯಕ ಅಪ್ಪಣೆ ಕೇಳಿದ. ವಿಬಿಯಸ್ ಬೇಡವೆಂದ. ಸೈನಿಕರೆಲ್ಲ ಗುದ್ದಲಿ ಹಿಡಿದು ಬೆಟ್ಟಕ್ಕೆ ಹೋಗಲಿ, ಕಡಿದ ಕಾಲುವೆಯನ್ನು ಕಟ್ಟಲಿ ಎಂದ. ದಂಡು ಬೆಟ್ಟ ಹತ್ತಿತು. ಊರಲ್ಲಿ ಅವನೂ ಬೆರಳೆಣಿಕೆಯ ಕಾವಲುಗಾರರೂ ಉಳಿದರು.

ಕೋಟೆಯನ್ನು ಕೊನೆಯವರೆಗೂ ಕಾಯ್ದಿದ್ದ ಊರ ಮುಖಂಡ ಒಂದು ಬೆಳಿಗ್ಗೆ ಬಂದು ಅವನೆದುರು ನಿಂತ. ಹಿಂದೆ ಊರಿನ ಗಂಡಸರು ನೆರೆದಿದ್ದರು.

"ನಿನ್ನ ಸೈನ್ಯ ದೂರದಲ್ಲಿದೆ. ಈಗ ನಾವು ದಂಗೆ ಎದ್ದರೆ ಅದು ಇಳಿದು ಬರುವ ಮೊದಲೇ ನಿನ್ನನ್ನು ಮುಗಿಸುತ್ತೇವೆ."

"ನಿಜ," ಎಂದ ವಿಬಿಯಸ್. "ಆದರೆ ಕೆಲಸ ಇನ್ನೂ ಆಗಿಲ್ಲ. ಏಳುವುದಾದರೆ ನೀರು ಬಂದ ಮೇಲೆ ಏಳಿ."

ಮುಖಂಡ ಅವನ ಮುಖ ನೋಡಿದ. ಅಲ್ಲಿ ಹೆದರಿಕೆ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಮುಖಂಡ ಹಿಂದಿರುಗಿದ. ಮರುದಿನದಿಂದ ಊರಿನ ಗಂಡಸರೂ ಬೆಟ್ಟಕ್ಕೆ ಹೋಗಿ ಸೈನಿಕರ ಜೊತೆಗೆ ಕಲ್ಲು ಹೊತ್ತರು.

ಬೇಸಿಗೆ ಮುಗಿಯುವ ಮೊದಲು ನೀರು ಬಂತು. ಆ ದಿನ ವಿಬಿಯಸ್ ಕಾವಲುಗಾರರನ್ನು ಅರಮನೆಯಲ್ಲೇ ಬಿಟ್ಟು, ಒಬ್ಬನೇ ಊರ ನಡುವಿನ ತೊಟ್ಟಿಯ ಬಳಿ ನಿಂತ. ಮಗುವನ್ನು ಕಳೆದುಕೊಂಡಿದ್ದ ಹೆಂಗಸೊಬ್ಬಳು ಬಂದಳು. ಕೊಡ ತುಂಬಿಕೊಂಡಳು. ತಲೆ ಎತ್ತಿ ಅವನನ್ನು ನೋಡಿದಳು, ಕೊಡ ಹೊತ್ತು ಮನೆಗೆ ನಡೆದಳು. ಯಾರೂ ದಂಗೆ ಏಳಲಿಲ್ಲ. ವಿಬಿಯಸ್ ಬಹುಕಾಲ ಆ ನಾಡನ್ನು ಆಳಿ, ಮುದುಕನಾಗಿ ರೋಮಿಗೆ ಹೊರಟಾಗ ಅದೇ ಮುಖಂಡ ಗಡಿಯವರೆಗೆ ಅವನ ಪಕ್ಕದಲ್ಲಿ ನಡೆದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ನೀರು ಬಂದ ಮೇಲೆ ಅವರು ಎದ್ದೇಬಿಟ್ಟಿದ್ದರೆ, ಗುರುಗಳೇ?"

ಗುರುಗಳೆಂದರು: "ಅವನು ಸಾಯುತ್ತಿದ್ದ, ಕಾಲುವೆ ಹರಿಯುತ್ತಿತ್ತು."