ರಂಗೋಲಿ ಕೆಳಗೆ ತೂರಿದ ಚುಕ್ಕಿ

ಜಗತ್ತು ಆಗಿನ್ನೂ ಹಸಿಹಸಿ ಇತ್ತು ಕಣೇ ಸಂಹಿತಾ, ಈಗಷ್ಟೇ ಸಾರಿಸಿದ ಅಂಗಳದ ಹಾಗೆ. ಗುಡ್ಡ ಇತ್ತು, ಹೊಳೆ ಇತ್ತು, ಗಾಳಿ ಇತ್ತು, ಪ್ರಾಣಿ ಪಕ್ಷಿ ಎಲ್ಲ ಇದ್ದವು. ಸೂರ್ಯ ಮಾತ್ರ ಇನ್ನೂ ಒಂದು ಸಲವೂ ಹುಟ್ಟಿರಲಿಲ್ಲ.

ಆ ಬ್ಲೀಚಿಂಗ್ ಪುಡಿ ಡಬ್ಬ ಮೊದಲು ಕೆಳಗಿಡು. ಹೊಳೆ ಕಲ್ಲಿನ ಮೇಲೆ ಜಾರಿ ಬಿದ್ದೆ, ಮಂಡಿ ತರಚಿತು, ಒಪ್ಪಿದೆ. ಅಷ್ಟಕ್ಕೆ ಕಲ್ಲಿನ ಮೇಲಿನ ಲೋಳೆಯನ್ನೆಲ್ಲ ಸುಟ್ಟು ಹಾಕುತ್ತೇನೆ ಅಂತ ಹೊರಟಿದ್ದೀಯಲ್ಲ! ಮೂಗಿನ ತುದಿಯಲ್ಲೇ ಸಿಟ್ಟು ನಿನಗೆ, ಥೇಟ್ ನಿಮ್ಮಪ್ಪ. ಬಾ, ಕೂತ್ಕೋ. ಅರಿಶಿನ ಹಚ್ಚುತ್ತಾ ಒಂದು ಕಥೆ ಹೇಳುತ್ತೇನೆ. ಕೇಳಿದ ಮೇಲೂ ಪುಡಿ ಹಾಕಬೇಕು ಅನ್ನಿಸಿದರೆ ಹಾಕು. ನಿನ್ನಜ್ಜಿ ಅಡ್ಡ ಬರುವುದಿಲ್ಲ.

ಹೂಂ. ಆ ಕಾಲದಲ್ಲಿ ಯಾರ ಮೈಮೇಲೂ ಒಂದು ಗೆರೆ ಇರಲಿಲ್ಲ. ಚಿರತೆಗೆ ಚುಕ್ಕೆ ಇಲ್ಲ, ಚಿಟ್ಟೆಗೆ ಚಿತ್ತಾರ ಇಲ್ಲ, ನವಿಲು ಬರೀ ಬೂದಿ ಬಣ್ಣ. ಎಲ್ಲರೂ ಸುಣ್ಣ ಕಾಣದ ಗೋಡೆಯ ಹಾಗೆ ಬೋಳುಬೋಳು.

ಇದನ್ನು ನೋಡಿ ಬೆಳಗಮ್ಮನಿಗೆ ಬೇಜಾರಾಯಿತು. ಬೆಳಗಮ್ಮ ಅಂದರೆ ಮುಂಜಾವು ಕಣೇ, ಸೂರ್ಯನಿಗಿಂತ ಮುಂಚೆ ಎದ್ದು ಬಾಗಿಲು ತೆಗೆಯುವವಳು. ಸಾರಿಸಿದ ಅಂಗಳವನ್ನು ರಂಗೋಲಿ ಇಲ್ಲದೆ ಬಿಡುವುದುಂಟೇ? ಬೆಳ್ಳಗಿನ ಬೆಣಚುಕಲ್ಲನ್ನು ಕುಟ್ಟಿ, ಜರಡಿ ಹಿಡಿದು, ಒಂದು ದೊಡ್ಡ ಕರಟದ ತುಂಬ ಪುಡಿ ಮಾಡಿಕೊಂಡಳು. ಬಣ್ಣಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಸೂರ್ಯ ಮೊದಲ ಸಲ ಹುಟ್ಟುವುದರೊಳಗೆ ಎಲ್ಲರ ಮೈಮೇಲೂ ರಂಗೋಲಿ ಬರೆದು ಮುಗಿಸಬೇಕು ಅಂತ ಗುಡ್ಡ ಇಳಿದು ಬಂದಳು.

ಅವಳದ್ದೊಂದು ಕಟ್ಟುನಿಟ್ಟು. ಮೊದಲು ಚುಕ್ಕಿ, ಆಮೇಲೆ ಎಳೆ. ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿಕೊಂಡು ಹೊರಟ ಜಾಗಕ್ಕೇ ಬಂದು ಸೇರಬೇಕು. ಒಂದು ಚುಕ್ಕಿಯನ್ನೂ ಹೊರಗೆ ಬಿಡುವಂತಿಲ್ಲ. ನಾನು ನಿನಗೆ ಕಲಿಸಿದ್ದೂ ಹಾಗೇ ಅಲ್ಲವಾ? ನೀನು ಮೊನ್ನೆ ಮೂರು ಚುಕ್ಕಿ ಬಿಟ್ಟು, ಅದರ ಮೇಲೆ ಹೂವಿಟ್ಟು ಮುಚ್ಚಿದ್ದೂ ನನಗೆ ಗೊತ್ತು.

ಗಾಳಿ ಕಾಡು ಮೇಡು ತಿರುಗಿ ಸುದ್ದಿ ಮುಟ್ಟಿಸಿತು. ಹೊಳೆ ದಂಡೆಯ ಮೇಲೆ ಉದ್ದಕ್ಕೆ ಒಂದು ಹುಲ್ಲಿನ ಚಾಪೆ ಹಾಸಿತು. ಎಲ್ಲರೂ ಬಂದು ಸಾಲಾಗಿ ಕೂತರು.

ಹೊಳೆಯ ನೀರಿನೊಳಗೆ ಇನ್ನೊಂದು ಜೀವ ಇತ್ತು. ಎಷ್ಟು ಸಣ್ಣದು ಅಂದರೆ ಅದರ ಮುಂದೆ ಸಾಸಿವೆ ಕಾಳು ಬೆಟ್ಟ. ಅದಕ್ಕೆ ಹೆಸರಿಲ್ಲ. ಚಿಪ್ಪಿಲ್ಲ, ತೊಗಲಿಲ್ಲ, ಮೆತ್ತಗಿನ ಒಂದು ತೊಟ್ಟು ಜೀವ, ಅಷ್ಟೇ. ಬಳಗವೇನೋ ಲಕ್ಷ ಲಕ್ಷ ಇತ್ತು, ಆದರೂ ಯಾರ ಕಣ್ಣಿಗೂ ಕಾಣದು. ಹೊಳೆಯೇ ಅವುಗಳಿಗೆ ತಾಯಿ.

ಆ ತಾಯಿಗೆ ಒಳಗೊಳಗೇ ಭಯ. ಸೂರ್ಯ ಹುಟ್ಟಿದರೆ ಬಿಸಿಲು ನೀರಿನ ತಳಕ್ಕೂ ಇಳಿಯುತ್ತದೆ. ಮೈಗೆ ಕಾಪಿಲ್ಲದ ಕೂಸುಗಳು ಬಿಸಿನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿಹೋಗುತ್ತವೆ. ಬೆಳಗಮ್ಮನ ಬೆಣಚು ಪುಡಿಯ ಎಳೆ ಸುತ್ತಿದರೆ ಮಾತ್ರ ಅದೇ ಗಟ್ಟಿ ಗೋಡೆಯಾಗಿ ಅವು ಉಳಿದಾವು. ಹೊಳೆ ಒಂದು ಪುಟ್ಟದನ್ನು ಹನಿಯಲ್ಲಿ ಕೂರಿಸಿ, ಎಲ್ಲರ ಪರವಾಗಿ ನೀನು ಹೋಗಿ ಕೇಳು ಅಂತ ದಂಡೆಗೆ ಕಳಿಸಿದಳು.

ಅದು ಹೋಗಿ ಸಾಲಿನಲ್ಲಿ ಕೂತಿತು. ಚಿರತೆಯದ್ದು ಆಯಿತು. ಮುಂದಿನವರು ಬನ್ನಿ ಅಂದಳು ಬೆಳಗಮ್ಮ. ಪುಟ್ಟದು ‘ನಾನು’ ಅಂದಿತು. ಯಾರಿಗೂ ಕೇಳಿಸಲಿಲ್ಲ. ಜಿಂಕೆ ಎದ್ದು ಹೋಯಿತು.

ಜಿಂಕೆಯದ್ದು ಆಯಿತು. ಮುಂದಿನವರು ಬನ್ನಿ. ಪುಟ್ಟದು ‘ನಾನು’ ಅಂದಿತು. ಯಾರಿಗೂ ಕೇಳಿಸಲಿಲ್ಲ. ಚಿಟ್ಟೆ ಹಾರಿ ಹೋಯಿತು.

ಚಿಟ್ಟೆಯದ್ದೂ ಆಯಿತು. ಮುಂದಿನವರು ಬನ್ನಿ. ಪುಟ್ಟದು ಮತ್ತೆ ‘ನಾನು’ ಅಂದಿತು. ಅಷ್ಟರಲ್ಲಿ ನವಿಲರಾಯ ಮುಂದೆ ಬಂದು ನಿಂತೇಬಿಟ್ಟಿದ್ದ.

ಅವನ ಜಾಗ ಎಲ್ಲೋ ಹಿಂದೆ, ಆಮೆಗಿಂತ ಹಿಂದೆ. ಕಾಯುವ ತಾಳ್ಮೆ ಅವನಿಗೆಲ್ಲಿ? ಚಾಪೆಯ ಹಿಂದಿನ ತುದಿ ಎತ್ತಿ, ಕೆಳಗೆ ತೂರಿ, ಮುಂದಿನ ತುದಿಯಲ್ಲಿ ಎದ್ದಿದ್ದ. ಒಂದು ಗರಿಗೆ ಬರೆದರೆ ಇನ್ನೊಂದಕ್ಕೂ ಇರಲಿ ಅಂದ. ಇನ್ನೊಂದಕ್ಕೆ ಬರೆದರೆ ಪಕ್ಕದ್ದಕ್ಕೆ ಬೇಜಾರಾಗುತ್ತೆ ಅಂದ. ಬಣ್ಣದ ಗಂಟು ಪೂರ್ತಿ ಬಿಚ್ಚಿಸಿದ. ಕರಟದಲ್ಲಿದ್ದ ಪುಡಿಯಲ್ಲಿ ಅರ್ಧಕ್ಕರ್ಧ ಅವನ ಬಾಲಕ್ಕೇ ಹೋಯಿತು. ಆನೆಗೆ, ಎಮ್ಮೆಗೆ, ಕಾಗೆಗೆ ಏನೂ ಸಿಗದೆ ಹೋಗಿದ್ದು ಇದರಿಂದಲೇ, ಪಾಪ.

ಕೊನೆಗೆ ಕರಟದ ತಳದಲ್ಲಿ ಒಂದೆರಡು ಚಿಟಿಕೆ ಉಳಿಯಿತು. ಅದು ಹೊಳೆಯ ಪಾಲು. ಎಲ್ಲರದ್ದೂ ಆದ ಮೇಲೆ ನನಗೆ ಬರೆದರೆ ಸಾಕು ಅಂತ ಹೊಳೆ ಮೊದಲೇ ಹೇಳಿದ್ದಳು. ಬೆಳಗಮ್ಮ ನೀರಿನಂಚಿನ ಚಪ್ಪಟೆ ಕಲ್ಲನ್ನು ತೊಳೆದಳು, ಚುಕ್ಕಿ ಇಡತೊಡಗಿದಳು. ಏಳು ಚುಕ್ಕಿ, ಏಳು ಸಾಲು. ಗುಡ್ಡದ ಹಿಂದೆ ಆಗಲೇ ಕೆಂಪಾಗುತ್ತಿತ್ತು. ಆಕಾಶದ ಚುಕ್ಕಿಗಳು ಒಂದೊಂದಾಗಿ ಆರುತ್ತಿದ್ದವು.

ಪುಟ್ಟದು ಅಳುತ್ತಾ ನೀರಿಗೆ ವಾಪಸ್ಸು ಹೊರಟಿತ್ತು. ಹೊಳೆ ಅದನ್ನು ತಡೆದು ಕಿವಿಯಲ್ಲಿ ಹೇಳಿದಳು: “ಅವನು ಚಾಪೆ ಕೆಳಗೆ ತೂರಿದ. ನೀನು ರಂಗೋಲಿ ಕೆಳಗೆ ತೂರು.”

ನಾವು ಈಗ ಇದನ್ನು ಗಾದೆಯಾಗಿ ಹೇಳುತ್ತೇವಲ್ಲ, ಭಾರೀ ಚಾಲಾಕಿಯವನನ್ನು ಕಂಡಾಗ? ಯಾವ ಚಾಲಾಕಿಯೂ ರಂಗೋಲಿ ಕೆಳಗೆ ತೂರಿದ್ದನ್ನು ನಾನಂತೂ ಕಂಡಿಲ್ಲ. ಅದು ಸಾಧ್ಯ ಇದ್ದದ್ದು ಈ ಪುಟ್ಟದೊಂದಕ್ಕೇ. ಕಲ್ಲಿನ ಮೇಲೆ ಉದುರಿದ್ದ ಒಂದು ಕಣ ಪುಡಿಯ ಕೆಳಗೆ ತೂರಿ, ಅದನ್ನು ತಲೆ ಮೇಲೆ ಹೊತ್ತುಕೊಂಡು ಕೊನೆಯ ಸಾಲಿನ ಪಕ್ಕದಲ್ಲಿ ಹೋಗಿ ಕೂತಿತು.

ಬೆಳಗಮ್ಮ ಎಳೆ ಎಳೆಯುವ ಮುಂಚೆ ಎಣಿಸಿದಳು. ಏಳೇಳಲ ನಲವತ್ತೊಂಬತ್ತು ಇರಬೇಕು. ಐವತ್ತು ಬಂತು. ಮತ್ತೆ ಎಣಿಸಿದಳು. ಐವತ್ತೇ. ಆತುರದಲ್ಲಿ ಕೈತಪ್ಪಿ ಬಿದ್ದಿರಬೇಕು ಅಂದುಕೊಂಡು, ಒರೆಸಿ ಹಾಕಲು ಬೆರಳು ಚಾಚಿದಳು.

ಬೆರಳು ಮೇಲೆ ಬಂದರೆ ಪುಟ್ಟದರ ಕಥೆ ಮುಗಿಯಿತು. ಆದರೂ ಅದು ಜಾಗ ಬಿಟ್ಟು ಕದಲಲಿಲ್ಲ.

“ಒರೆಸಬೇಡಮ್ಮ. ನಾನೂ ಚುಕ್ಕಿ,” ಅಂದಿತು.

ಬೆಳಗಮ್ಮ ಬೆಚ್ಚಿದಳು. “ನಾನು ಇಟ್ಟ ಚುಕ್ಕಿ ಅಲ್ಲವಲ್ಲ ನೀನು?”

“ನೀನು ಇಡಲಿಲ್ಲ, ನಾನೇ ಬಂದು ಕೂತೆ. ಮೂರು ಸಲ ಕೂಗಿದೆ, ನಿನಗೆ ಕೇಳಿಸಲಿಲ್ಲ. ಒಂದು ಚುಕ್ಕಿಯನ್ನೂ ಹೊರಗೆ ಬಿಡುವಂತಿಲ್ಲ ಅಂತ ನೀನೇ ಅಂದೆಯಲ್ಲ.”

ಬೆಳಗಮ್ಮ ಅಲ್ಲಿಯವರೆಗೆ ಸೊಂಟ ಬಗ್ಗಿಸಿ ರಂಗೋಲಿ ಬರೆದವಳು. ಈಗ ಮಂಡಿಯೂರಿದಳು. ಕೆನ್ನೆಯನ್ನು ಕಲ್ಲಿಗೆ ತಾಗಿಸಿ ನೋಡಿದಳು. ಆ ಕಣದ ಕೆಳಗೆ ಅದು ಕಂಡಿತು. ಅದರ ಹಿಂದೆ, ನೀರಿನಲ್ಲಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದ ಅದರ ಇಡೀ ಬಳಗ ಕಂಡಿತು. ಇಷ್ಟು ಜನ ಇದ್ದರೂ ಒಬ್ಬರನ್ನೂ ಕಾಣಲಿಲ್ಲವಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಆದರೆ ಏನು ಮಾಡುವುದು? ಉಳಿದ ಪುಡಿ ಹೊಳೆಯ ಪಾಲಿನದು. ಕೊಟ್ಟ ಮಾತು ತಪ್ಪುವ ಹಾಗಿಲ್ಲ.

ಆಗ ಹೊಳೆ ಅಂದಳು: “ನಾನು ಹರಿಯುವವಳು ಬೆಳಗಮ್ಮ. ನನ್ನ ಮೇಲೆ ಏನು ಬರೆದರೂ ನಿಲ್ಲುವುದಿಲ್ಲ. ಅವುಗಳಿಗೆ ಬರಿ. ನನಗೆ ಬರೆದ ಹಾಗೇ.”

ಬೆಳಗಮ್ಮ ಕಣ್ಣೊರೆಸಿಕೊಂಡು ಶುರು ಮಾಡಿದಳು. ಅಷ್ಟು ಸಣ್ಣ ಮೈಗೆ ಅವಳ ಬೆರಳು ಬಹಳ ದಪ್ಪ. ರೆಪ್ಪೆಯ ಒಂದು ಕೂದಲು ಕಿತ್ತು, ಅದರ ತುದಿಗೆ ಪುಡಿ ಅಂಟಿಸಿಕೊಂಡು ಬರೆದಳು. ಒಂದಕ್ಕೆ ಗಾಲಿಯ ಹಾಗೆ ದುಂಡಗೆ, ನಡುವಿನಿಂದ ಅಂಚಿಗೆ ನೂರು ಗೆರೆ. ಒಂದಕ್ಕೆ ದೋಣಿಯ ಹಾಗೆ. ಒಂದಕ್ಕೆ ಮೂರು ಮೂಲೆ, ಮೂಲೆಗೊಂದು ಹೂವು. ಒಂದು ಬೀಸಣಿಗೆ, ಒಂದು ಬಾಚಣಿಗೆ. ಗೆರೆಯೊಳಗೆ ಗೆರೆ, ಗೆರೆಯ ನಡುವೆ ತೂತು, ತೂತಿನ ಸುತ್ತ ಮತ್ತೆ ದಳ. ಎಲ್ಲೂ ಎಳೆ ತಪ್ಪಲಿಲ್ಲ. ನವಿಲಿನ ಒಂದು ಗರಿಗೆ ಬಳಸಿದ್ದನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಖರ್ಚಾಗಲಿಲ್ಲ, ಇಡೀ ಬಳಗಕ್ಕೆ ಸಾಕಾಗಿ ಮಿಕ್ಕಿತು.

ಬರೆಯುತ್ತಾ ಬರೆಯುತ್ತಾ ಅವಳೇ ಮೈಮರೆತಳು. ಅವಳು ಅಂದು ಬರೆದದ್ದರಲ್ಲೆಲ್ಲ ಇದೇ ಚೆಂದ.

ಕೊನೆಯ ಎಳೆ ಕೂಡುವುದಕ್ಕೂ ಸೂರ್ಯ ಹುಟ್ಟುವುದಕ್ಕೂ ಸರಿಹೋಯಿತು. ಬಿಸಿಲು ನೀರಿಗೆ ಇಳಿಯಿತು. ಹೊಳೆ ಕಣ್ಣು ಮುಚ್ಚಿಕೊಂಡಳು.

ಒಂದೂ ಕರಗಲಿಲ್ಲ. ಬೆಣಚು ಪುಡಿಯ ಗೆರೆಗಳು ಗಾಜಿನ ಮನೆಯಾಗಿ ನಿಂತಿದ್ದವು. ಮೊದಲ ಬಿಸಿಲು ಗಾಜಿನೊಳಗೆ ಹೊಕ್ಕು ಅಲ್ಲೇ ಉಳಿಯಿತು, ಅವುಗಳಿಗೆ ಬೆಲ್ಲದ ಪಾಕದ ಬಣ್ಣ ಬಂತು. ಆ ಬಿಸಿಲನ್ನೇ ಉಂಡು ಅವು ನೀರಿಗೆಲ್ಲ ಉಸಿರು ಕೊಡತೊಡಗಿದವು. ತಾಯಿಯ ಋಣ, ತೀರಿಸಬೇಡವೇ?

ಬೆಳಗಮ್ಮ ಅವುಗಳಿಗೆ ಚುಕ್ಕಿ ಅಂತಲೇ ಹೆಸರಿಟ್ಟಳು. ಹೊರಡುವಾಗ ಅವಳಿಗೊಂದು ಕೊರಗು. ಇಷ್ಟು ಚೆಂದ ಬರೆದೆ, ನೋಡುವವರು ಯಾರು ಅಂದಳು.

“ಆಕಾಶದ ಚುಕ್ಕಿ ತಲೆ ಎತ್ತಿದವರಿಗೆ ಕಾಣುತ್ತದೆ,” ಅಂದಿತು ಪುಟ್ಟ ಚುಕ್ಕಿ. “ನಾವು ತಲೆ ಬಗ್ಗಿಸಿದವರಿಗೆ ಕಾಣುತ್ತೇವೆ. ಬಗ್ಗದವರನ್ನು ನಾವೇ ಸ್ವಲ್ಪ ಬಗ್ಗಿಸುತ್ತೇವೆ ಬಿಡು.”

ಅಷ್ಟರಲ್ಲಿ ನವಿಲರಾಯ ತನ್ನ ಹೊಸ ಬಾಲವನ್ನು ನೀರಿನಲ್ಲಿ ನೋಡಿಕೊಳ್ಳಲು ಬಂದ. ತಲೆ ಎತ್ತಿಕೊಂಡೇ ಬಂದ. ಆ ಚಪ್ಪಟೆ ಕಲ್ಲಿನ ಮೇಲೆ ಕಾಲಿಟ್ಟ. ಚುಕ್ಕಿಗಳು ಅಂಟಂಟು ಲೋಳೆ ಬಿಟ್ಟುಕೊಂಡು ಕಲ್ಲನ್ನು ಹಿಡಿದು ಕೂತಿದ್ದವು. ಸರ್ರಂತ ಜಾರಿ, ಸಾವಿರ ಕಣ್ಣಿನ ಬಾಲದ ಸಮೇತ ನೀರಿನೊಳಗೆ. ಯಾರೂ ನಗಲಿಲ್ಲ ಅಂದರೆ ಸುಳ್ಳಾದೀತು.

ಯಾಕೆ ನಗುತ್ತೀಯ? ಬೆಳಿಗ್ಗೆ ಬಿದ್ದವಳು ನೀನೇ ತಾನೇ?

ನಾನೇನು ಕಡಿಮೆ ಅಂದುಕೊಂಡೆಯಾ? ನಿಮ್ಮತ್ತೆ ವಾರಿಜ ಎಂಎಸ್ಸಿ ಮುಗಿಸಿ, ಹಳೇ ಟೂತ್‌ಬ್ರಷ್ ಹಿಡಿದುಕೊಂಡು ಹೊಳೆಯ ಕಲ್ಲಿನ ಲೋಳೆ ಉಜ್ಜಿ ಸೀಸೆಗೆ ತುಂಬುವಾಗ, ನನ್ನ ಮಗಳು ಇಷ್ಟು ಓದಿ ಕಲ್ಲಿಗೆ ಹಲ್ಲುಜ್ಜುತ್ತಾಳೆ ಅಂತ ಬೀದಿಯವರ ಮುಂದೆಲ್ಲ ಆಡಿಕೊಂಡವಳು ನಾನು. ಅವಳು ಒಂದು ದಿನ ತನ್ನ ಕಾಲೇಜಿಗೆ ಕರೆದುಕೊಂಡು ಹೋಗಿ, ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿ, ಬಗ್ಗಮ್ಮ ಅಂದಳು.

ಬಗ್ಗಿದೆ. ಐವತ್ತು ವರ್ಷ ದಿನಾ ಬಾಗಿಲಿಗೆ ರಂಗೋಲಿ ಇಟ್ಟವಳು ನಾನು, ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಬರೆಯುವವರಿಲ್ಲ ಅಂತ ಜಂಬ ಬೇರೆ. ಅಲ್ಲಿ ನಾನು ಕಾಲಿನಿಂದ ತುಳಿದು ಬೈದಿದ್ದ ಲೋಳೆಯಲ್ಲಿ ಗಾಲಿ, ದೋಣಿ, ಬೀಸಣಿಗೆ, ಹೂವು. ಒಂದು ಎಳೆಯೂ ತಪ್ಪಿಲ್ಲ. ನನಗೆ ಅಳು ಬಂತು ಕಣೇ. ಅವಳ ಕೈ ಹಿಡಿದುಕೊಂಡು, ತಪ್ಪಾಯಿತು ಮಗಳೇ ಅಂದೆ. ಅವಳು ಏನೋ ಡಯಾಟಮ್ ಅಂತ ಹೆಸರು ಹೇಳಿದಳು. ನನ್ನ ನಾಲಿಗೆಗೆ ಚುಕ್ಕಿ ಅನ್ನುವುದೇ ಸಲೀಸು. ಯಾವ ಚುಕ್ಕಿ ಎಷ್ಟಿವೆ ಅಂತ ಎಣಿಸಿ ಹೊಳೆಯ ನೀರು ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳುತ್ತಾಳಂತೆ, ನಾಡಿ ಹಿಡಿದ ಪಂಡಿತರ ಹಾಗೆ.

ಅವತ್ತಿನಿಂದ ಅವಳು ತೆಗೆದ ಚಿತ್ರ ನೋಡಿಕೊಂಡು ದಿನಕ್ಕೊಂದು ಚುಕ್ಕಿಯ ಮೈಮೇಲಿನ ರಂಗೋಲಿಯನ್ನು ನಮ್ಮ ಬಾಗಿಲಿಗೆ ಬರೆಯುತ್ತಿದ್ದೇನೆ. ನಾಲ್ಕು ವರ್ಷವಾಯಿತು, ಒಂದು ಸಲ ಬರೆದದ್ದನ್ನು ಇನ್ನೊಂದು ಸಲ ಬರೆದಿಲ್ಲ. ಪಕ್ಕದಲ್ಲಿ ಒಂದು ಚುಕ್ಕಿ ಹೆಚ್ಚಿಗೆ ಇಟ್ಟು, ಅದಕ್ಕೂ ಎಳೆ ಸುತ್ತುತ್ತೇನೆ. ಅಜ್ಜಿಗೆ ಕಣ್ಣು ಮಂಜಾಗಿ ಲೆಕ್ಕ ತಪ್ಪುತ್ತದೆ ಅಂತ ನೀನು ಅಂದುಕೊಂಡಿದ್ದೆ ಅಲ್ಲವಾ? ಅದು ಐವತ್ತನೆಯದು.

ಮಂಡಿ ಉರಿ ಕಡಿಮೆಯಾಯಿತಾ? ಎದ್ದು ಎಲ್ಲಿಗೆ ಹೊರಟೆ? ಓ, ಡಬ್ಬವನ್ನು ಅಟ್ಟದ ಮೇಲೆ ಇಟ್ಟು ಬಂದೆಯಾ. ಜಾಣೆ. ನಿನ್ನ ಹಳೇ ಬ್ರಷ್ಷು ಬಚ್ಚಲ ಕಿಟಕಿಯಲ್ಲಿದೆ, ಅತ್ತೆ ಭಾನುವಾರ ಬರುತ್ತಾಳೆ.

ಇದಕ್ಕೇ ಮರಿ, ಹೊಳೆಯ ಕಲ್ಲಿನ ಮೇಲೆ ಇವತ್ತಿಗೂ ಬೆಲ್ಲದ ಬಣ್ಣದ ಲೋಳೆ ಇರುವುದು, ತಲೆ ಎತ್ತಿಕೊಂಡು ನಡೆದವರ ಕಾಲು ಅಲ್ಲಿ ಜಾರುವುದು: ಬಿದ್ದಾಗಲಾದರೂ ಕಣ್ಣು ಕೆಳಗೆ ಹೋಗಲಿ, ಬೆಳಗಮ್ಮ ಮಂಡಿಯೂರಿ ಬರೆದ ರಂಗೋಲಿಯನ್ನು ಯಾರಾದರೂ ನೋಡಲಿ ಅಂತ.