ಎರೆ ನೆಲ ಬಾಯಿ ಬಿಟ್ಟದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಇನ್ನೂ ಯೋಚಿಸುತ್ತಿದ್ದವು. ಆಗ ಕಪ್ಪು ಎರೆ ನೆಲದಲ್ಲಿ ಒಂದು ಬಿರುಕೂ ಇರಲಿಲ್ಲ. ಮಳೆಗಾಲದಲ್ಲೂ ಇಲ್ಲ, ಬೇಸಿಗೆಯಲ್ಲೂ ಇಲ್ಲ.

ಆ ನೆಲದ ಮೇಲೆ ಬಾಳವ್ವ ಎಂಬ ಹೆಂಗಸು ಬಾಳುತ್ತಿದ್ದಳು. ಜೋಳ ಬಿತ್ತುವುದನ್ನು ಮೊದಲು ಕಲಿತವಳು ಅವಳೇ. ಬಿತ್ತುವ ಮುಂಚೆ ಚೂಪಾದ ಕೋಲೊಂದನ್ನು ನೆಲಕ್ಕೆ ಊರಿ ನೋಡುವಳು. ಕೋಲು ಮೊಳದಷ್ಟು ಸರಾಗವಾಗಿ ಇಳಿದರೆ ಬೇರೂ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಪ್ರತಿ ವರ್ಷ ಮಳೆ ನಿಂತ ಕೂಡಲೇ ಕಾಡೆಮ್ಮೆಗಳ ಹಿಂಡು ಬರುತ್ತಿತ್ತು. ಹಸಿ ಮಣ್ಣು ಅವುಗಳ ಕಾಲಿಗೆ ತಂಪು. ಎಮ್ಮೆಗಳು ಕುಣಿದವು, ಹೊರಳಿದವು, ಹೋದವು. ಮತ್ತೆ ಬಂದವು, ಮತ್ತೆ ಕುಣಿದವು. ನೆಲ ಯಾರಿಗೂ ಬೇಡ ಅನ್ನಲಿಲ್ಲ. ತುಳಿದಷ್ಟೂ ಒಳಗೊಳಗೇ ಒತ್ತಿಕೊಂಡಿತು.

ಒಂದು ವರ್ಷ ಬಾಳವ್ವನ ಕೋಲು ಗೇಣಷ್ಟೇ ಇಳಿದು ನಿಂತಿತು. ಮರುವರ್ಷ ಬೆರಳುದ್ದ. ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಕೋಲು ಬಾಗಿತೇ ಹೊರತು ನೆಲ ದಾರಿ ಬಿಡಲಿಲ್ಲ. ಆದರೂ ಬಿತ್ತಿದಳು. ಪೈರು ಮೊಣಕಾಲೆತ್ತರ ಬರುವ ಮೊದಲೇ ಹಳದಿಯಾಯಿತು. ಬುಡ ಬಗೆದು ನೋಡಿದರೆ, ಬೇರು ಗಟ್ಟಿ ಮಣ್ಣಿಗೆ ತಾಗಿ, ಕೆಳಗಿಳಿಯಲಾಗದೆ ಅಡ್ಡಕ್ಕೆ ತಿರುಗಿತ್ತು.

ಮನೆಯಲ್ಲಿ ಬಾಣಂತಿ ಮಗಳಿದ್ದಳು. ಬುಟ್ಟಿಯ ತಳದಲ್ಲಿ ಇನ್ನೊಂದು ಬಿತ್ತನೆಗೆ ಸಾಲುವಷ್ಟೇ ಕಾಳು ಉಳಿದಿತ್ತು.

ನೆಲಕ್ಕೆ ಏನಾಗಿದೆ ಎಂದು ಬಾಳವ್ವ ಮಳೆನೀರನ್ನು ಕೇಳಿದಳು. ಒಳಗೆ ಹೋಗಲು ಸಂದಿಯೇ ಇಲ್ಲ, ಅದಕ್ಕೇ ಮೇಲೆ ನಿಂತಿದ್ದೇನೆ ಎಂದಿತು ನೀರು. ಗಾಳಿಯನ್ನು ಕೇಳಿದಳು. ನನಗೂ ಸಂದಿಯಿಲ್ಲ ಎಂದಿತು ಗಾಳಿ. ಕೊನೆಗೆ ನೆಲಕ್ಕೇ ಕಿವಿಯಿಟ್ಟು ಮಲಗಿದಳು. ಬಹಳ ಹೊತ್ತಿನ ಮೇಲೆ, ಎಲ್ಲೋ ಆಳದಿಂದ, ಸಣ್ಣ ದನಿಯೊಂದು ಕೇಳಿಸಿತು.

“ಉಸಿರು ಕಟ್ಟೇತಿ, ಬಾಳವ್ವಾ.”

ಬಾಳವ್ವ ತಲೆಯೆತ್ತಿ ಸೂರ್ಯನ ಕಡೆ ನೋಡಿದಳು. ಸೂರ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದ. ನೆಲದ ಪಸೆಯನ್ನೆಲ್ಲ ತಾನು ಕುಡಿಯಬಲ್ಲೆ, ಒಣಗಿದರೆ ಎರೆ ಮಣ್ಣು ಕುಗ್ಗುತ್ತದೆ, ಕುಗ್ಗಿದರೆ ಒಡೆಯುತ್ತದೆ, ಆಗ ಉಸಿರಿಗೆ ದಾರಿಯಾಗುತ್ತದೆ ಎಂದ. ಆದರೆ ಹಸಿ ಇರುವಾಗ ಯಾರೂ ತುಳಿಯಬಾರದು. ನೆಲ ಒಪ್ಪದೆ ತಾನು ಮುಟ್ಟುವುದೂ ಇಲ್ಲ ಎಂದ.

ಬಾಳವ್ವ ಅದನ್ನು ನೆಲಕ್ಕೆ ಹೇಳಿದಳು. ನೆಲ ಕೇಳಿತು, “ಒಡೆದ ಮ್ಯಾಲೆ ಮತ್ತ ಕೂಡತೀನೇನ?”

ಬಾಳವ್ವನಿಗೆ ಅದು ತಿಳಿದಿರಲಿಲ್ಲ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಗೊತ್ತಿಲ್ಲವ್ವ,” ಎಂದಳು. “ನೀ ಕೂಡೂ ತನಕ ನಾ ಎಲ್ಲಿಗೂ ಹೋಗಂಗಿಲ್ಲ.”

ನೆಲ ಒಪ್ಪಿತು.

ಆ ವರ್ಷ ಹಿಂಡು ಬಂದಾಗ ಬಾಳವ್ವ ಎದುರಿಗೆ ಹೋಗಿ ನಿಂತಳು. ಮುಂದಿದ್ದ ಮುದಿ ಎಮ್ಮೆಗೆ ನೆಲದ ಸಂಕಟವನ್ನು ಹೇಳಿದಳು. ಎಮ್ಮೆ ಮೂತಿ ತಗ್ಗಿಸಿ ಮೂಸಿತು. ಈಚೆಗೆ ಹುಲ್ಲೂ ಯಾಕೆ ಸರಿಯಾಗಿ ಬರುತ್ತಿಲ್ಲ ಎಂದು ಅದಕ್ಕೂ ಆಗ ತಿಳಿಯಿತು. ಹಿಂಡನ್ನು ಹೊಳೆಯ ಕಡೆ ತಿರುಗಿಸಿಕೊಂಡು ಹೋಯಿತು.

ಬೇಸಿಗೆ ಬಂತು. ಸೂರ್ಯ ಕುಡಿಯತೊಡಗಿದ. ಒಂದು ಮಧ್ಯಾಹ್ನ ನೆಲದೊಳಗೆ ಏನೋ ಚಟ್ ಎಂದಿತು. ಕೂದಲೆಳೆಯಷ್ಟು ಗೆರೆ ಮೂಡಿತು. ಗೆರೆ ಬೆರಳಗಲವಾಯಿತು, ಕವಲೊಡೆಯಿತು, ಕಣ್ಣು ಹಾಯುವ ತನಕ ಓಡಿತು. ಮಗಳು ಹೆದರಿ, ಕೂಸನ್ನು ಅವಚಿಕೊಂಡು, ಹೊಳೆ ದಂಡೆಗೆ ಹೋಗೋಣ ಎಂದಳು. ಬಾಳವ್ವ ಕದಲಲಿಲ್ಲ. ಬಿರುಕಿನ ಅಂಚಿಗೆ ಮಂಡಿಯೂರಿ ಬಗ್ಗಿ ನೋಡಿದಳು. ತಳ ಕಾಣಲಿಲ್ಲ. ಆ ಕತ್ತಲಿನಿಂದ ತಂಪಾದ ಉಸಿರೊಂದು ಮೇಲೆದ್ದು ಅವಳ ಮುಖಕ್ಕೆ ತಾಗಿತು. ಅಷ್ಟು ದೊಡ್ಡ ನೆಲ ಉಸಿರಾಡುತ್ತಿತ್ತು. ಅವಳು ಕೈ ಮುಗಿದಳು.

ಮೇಲಿನ ಪುಡಿಮಣ್ಣು ಉದುರಿ ಬಿರುಕಿನೊಳಗೆ ಬಿತ್ತು. ಗಾಳಿ ಒಳಗಿಳಿದು ಓಡಾಡಿತು. ಬಾಳವ್ವ ಕಾದಳು.

ಆಮೇಲೆ ಮಳೆ ಬಂತು. ಈ ಸಲ ನೀರು ಮೇಲೆ ನಿಲ್ಲಲಿಲ್ಲ. ಗುಳುಗುಳು ಸದ್ದು ಮಾಡುತ್ತ ಬಿರುಕಿನಲ್ಲಿ ಇಳಿಯಿತು, ಇಳಿಯುತ್ತಲೇ ಇತ್ತು. ಮಣ್ಣು ಕುಡಿದು ಉಬ್ಬಿತು. ಎರಡು ಅಂಚುಗಳೂ ಒಂದರ ಕಡೆ ಒಂದು ಮೆಲ್ಲಗೆ ಸರಿದವು. ಬಾಳವ್ವ ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದಳು. ಅಂಚಿಗೆ ಅಂಚು ತಾಗಿತು. ನೆಲ ಕೂಡಿಕೊಂಡಿತು.

ಅವಳು ಹೊಲ ತುಳಿಯದೆ, ಬದುವಿನ ಮೇಲಿಂದಲೇ ಕೈ ಚಾಚಿ ಕೋಲು ಊರಿದಳು. ಮೊಳದಷ್ಟು ಇಳಿಯಿತು, ಇನ್ನೂ ಇಳಿಯಿತು. ಬಾಳವ್ವ ಅಲ್ಲೇ ಕುಳಿತು ಅತ್ತಳು.

ಮಣ್ಣು ಹದಕ್ಕೆ ಬರುವ ತನಕ ತಾನೂ ಹೊಲಕ್ಕೆ ಕಾಲಿಡಲಿಲ್ಲ. ಹದ ಬಂದ ಮೇಲೆ ಉಳಿದ ಕಾಳನ್ನೆಲ್ಲ ಬಿತ್ತಿದಳು. ಬೇರು ನೆಟ್ಟಗೆ ಇಳಿಯಿತು. ಜೋಳ ಆಳೆತ್ತರ ನಿಂತು ತೆನೆ ಬಾಗಿತು. ಮಗಳು ಹೊಸ ಹಿಟ್ಟಿನ ರೊಟ್ಟಿ ಬಡಿದಳು.

ಬೇಸಿಗೆಯಲ್ಲಿ ಎರೆ ಹೊಲದ ಬದುವಿನ ಮೇಲೆ ನಿಂತಾಗ, ಮಗೂ, ನಿನ್ನ ತೋಳು ಮುಳುಗುವಷ್ಟು ಆಳದ ಬಿರುಕುಗಳು ಕಾಣುತ್ತವಲ್ಲ, ಅದು ಬಾಳವ್ವನ ಕಾಲದಿಂದ ಇಂದಿನವರೆಗೂ ಆ ನೆಲ ವರ್ಷಕ್ಕೊಮ್ಮೆ ಬಾಯಿ ಬಿಟ್ಟು ಉಸಿರೆಳೆದುಕೊಳ್ಳುವ ಹೊತ್ತು.